ಗ್ರೇಡಿಂಗ್ ಸ್ಲ್ಯಾಬ್‌ನಿಂದ ನಾಣ್ಯ ತೆಗೆಯುವುದು ಹೇಗೆ?

ನಾಣ್ಯದ ಸ್ಥಿತಿ ನೋಡಿ ಅಂಕ, ಅಂದರೆ ಗ್ರೇಡ್, ಕೊಡುವ ಅಮೆರಿಕದ ಕಂಪನಿ ಪಿಸಿಜಿಎಸ್‌ನ ಸ್ಲ್ಯಾಬ್‌ನಲ್ಲಿರುವ, ಅಮೆರಿಕದ ಹಳೆಯ ಮಾರ್ಗನ್ ಬೆಳ್ಳಿ ಡಾಲರನ್ನು ಆಲ್ಬಮ್ಮಿಗೆ ಹಾಕಿಕೊಳ್ಳಬೇಕು, ಗೀರು ಬೀಳದಂತೆ ತೆಗೆಯುವುದು ಹೇಗೆ, ಟವೆಲ್ಲಿನಲ್ಲಿ ಸುತ್ತಿ ಸುತ್ತಿಗೆಯಿಂದ ಹೊಡೆದರೆ ಆಗುತ್ತದೆಯೇ ಎಂದು ಕೇಳಿದ್ದೀರಿ. ತೆಗೆಯಬಹುದು, ಕಷ್ಟದ ಕೆಲಸವೇನಲ್ಲ. ಸುತ್ತಿಗೆ ಮಾತ್ರ ಬೇಡ.

ಯಾಕೆಂದರೆ, ಸ್ಲ್ಯಾಬ್ ಅಂದರೆ ಎರಡು ಗಟ್ಟಿ ಪ್ಲಾಸ್ಟಿಕ್ ಹೋಳುಗಳು. ಅವುಗಳ ಅಂಚನ್ನು ಸುತ್ತಲೂ ಅಲ್ಟ್ರಾಸಾನಿಕ್ ವೆಲ್ಡಿಂಗ್‌ನಿಂದ ಕರಗಿಸಿ ಬೆಸೆದಿರುತ್ತಾರೆ. ಸ್ಕ್ರೂ ಇಲ್ಲ, ಕೊಂಡಿ ಇಲ್ಲ, ಹಾಗಾಗಿ ಬಿಚ್ಚುವ ದಾರಿಯೇ ಇಲ್ಲ, ಒಡೆಯಬೇಕು. ಬೆಸುಗೆ ಇರುವುದು ಅಂಚಿನಲ್ಲಿ, ನಾಣ್ಯ ಇರುವುದು ನಡುವೆ. ನಿಮ್ಮ ಬಲವೆಲ್ಲ ಅಂಚಿಗೇ ಬೀಳಬೇಕು. ಸುತ್ತಿಗೆ ಏಟು ಹಾಗೆ ಒಂದು ಕಡೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಗಾಜಿನಂತೆ ಸೀಳಿ, ಒಂದು ಚೂಪಾದ ಚೂರು ನಾಣ್ಯದ ಮೇಲೆ ಜಾರಿದರೂ ಸಾಕು, ಆ ಗೀರು ಜನ್ಮಕ್ಕೆ ಹೋಗುವುದಿಲ್ಲ.

ಪ್ಲೈಯರ್ ಹಿಡಿಯುವ ಮೊದಲು ಒಂದು ನಿಮಿಷ ಯೋಚಿಸಿ. ಸ್ಲ್ಯಾಬ್ ಒಡೆದ ಕ್ಷಣಕ್ಕೆ ಗ್ರೇಡಿನ ಗ್ಯಾರಂಟಿ ಮುಗಿಯಿತು. ಅದೇ ನಾಣ್ಯವನ್ನು ಮತ್ತೆ ಕಳಿಸಿದರೆ ಅದೇ ಗ್ರೇಡ್ ಬರುತ್ತದೆ ಎಂಬ ಭರವಸೆ ಇಲ್ಲ, 70ಕ್ಕೆ 65 ಇದ್ದದ್ದು 64 ಆಗಬಹುದು. ಸ್ಲ್ಯಾಬ್ ಮಸುಕಾಗಿದೆ, ಗೀರಾಗಿದೆ ಎಂಬುದಷ್ಟೇ ನಿಮ್ಮ ಬೇಸರವಾಗಿದ್ದರೆ ಕಂಪನಿಗೇ ಕಳಿಸಿ ಹೊಸ ಸ್ಲ್ಯಾಬ್ ಹಾಕಿಸಿಕೊಳ್ಳಿ. ಬೇರೆ ಕಂಪನಿಯ ಸ್ಲ್ಯಾಬ್ ಬೇಕಿದ್ದರೂ ಒಡೆಯದೆ ಹಾಗೇ ಕಳಿಸುವ ಕ್ರಾಸ್‌ಓವರ್ ವ್ಯವಸ್ಥೆ ಇದೆ. ಇನ್ನೊಂದು, ಹಳೆಯ ಸ್ಲ್ಯಾಬ್‌ಗಳಿಗೇ ಸಂಗ್ರಾಹಕರಲ್ಲಿ ಬೆಲೆ ಇದೆ. ಪಿಸಿಜಿಎಸ್ ಶುರುವಾದ 1986ರಿಂದ 1989ರವರೆಗಿನ ಚಿಕ್ಕ ಸ್ಲ್ಯಾಬ್‌ಗಳನ್ನು ಅಲ್ಲಾಡಿಸಿದರೆ ಒಳಗೆ ನಾಣ್ಯ ಲೊಟಲೊಟ ಎನ್ನುತ್ತದೆ, ಅದಕ್ಕೇ ಅವುಗಳಿಗೆ ‘ರ‍್ಯಾಟ್ಲರ್’ ಎಂಬ ಹೆಸರು. ಇನ್ನೊಂದು ಗ್ರೇಡಿಂಗ್ ಕಂಪನಿಯಾದ ಎನ್‌ಜಿಸಿಯ 1987ರ ಕಪ್ಪು ಸ್ಲ್ಯಾಬ್ ಅಂತೂ ಅಪರೂಪದ ವಸ್ತು. ಇಂಥವು ಕೈಯಲ್ಲಿದ್ದರೆ ದಯವಿಟ್ಟು ಒಡೆಯಬೇಡಿ.

ಒಡೆಯುವುದೇ ಸರಿ ಅಂತಾದರೆ ಮೊದಲು ಎರಡೂ ಬದಿಯ ಫೋಟೋ ತೆಗೆಯಿರಿ. ಲೇಬಲ್ ಮೇಲಿನ ಸರ್ಟಿಫಿಕೇಟ್ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ ಹೊಂದುತ್ತದೆಯೇ ನೋಡಿ. ನಕಲಿ ಸ್ಲ್ಯಾಬ್‌ಗಳು ಓಡಾಡುತ್ತವೆ, ಒಡೆದ ಮೇಲೆ ಆ ಪುರಾವೆಯೂ ಹೋಗುತ್ತದೆ.

ಬೇಕಾದದ್ದು ಇಷ್ಟು: ಕಣ್ಣಿಗೆ ಗಾಗಲ್ಸ್, ಪೌಡರ್ ಇಲ್ಲದ ನೈಟ್ರೈಲ್ ಕೈಗವಸು, ಒಂದು ಗಟ್ಟಿ ಕಟಿಂಗ್ ಪ್ಲೈಯರ್ ಅಥವಾ ಟೈಲ್ಸ್ ಕತ್ತರಿಸುವ ನಿಪ್ಪರ್, ಅಗಲ ಬಾಯಿಯ ಚಪ್ಪಟೆ ಸ್ಕ್ರೂಡ್ರೈವರ್, ಎರಡು ದಪ್ಪ ಟವೆಲ್. ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿ. ಮಾರ್ಗನ್ ಡಾಲರ್ 26.73 ಗ್ರಾಂ ತೂಗುತ್ತದೆ. ಅಂಥ ನಾಣ್ಯ ಒಂದಡಿ ಎತ್ತರದಿಂದ ಬರಿ ಮೇಜಿಗೆ ಬಿದ್ದರೂ ಅಂಚು ನೆಗ್ಗಬಹುದು. ಕೆಲಸವೆಲ್ಲ ಟವೆಲ್ಲಿಗೆ ತಾಗಿಕೊಂಡಂತೆಯೇ ನಡೆಯಲಿ.

ಲೇಬಲ್ ಇರುವ ತುದಿಯಿಂದ ಶುರು ಮಾಡಿ, ಅದೇ ನಾಣ್ಯದಿಂದ ದೂರದ ತುದಿ. ಸ್ಲ್ಯಾಬ್ ಮೇಲೆ ಎರಡನೇ ಟವೆಲ್ ಹೊದಿಸಿ, ಒಂದು ಮೂಲೆಯನ್ನು ಮಾತ್ರ ಹೊರಗೆ ಬಿಡಿ. ಪ್ಲೈಯರ್ ಬಾಯಿಗೆ ಮೂಲೆಯ ಸುಮಾರು 5 ಮಿ.ಮೀ. ಕೊಟ್ಟು ನಿಧಾನವಾಗಿ ಒತ್ತುತ್ತಾ ಹೋಗಿ. ‘ಟಕ್’ ಎಂದು ದೊಡ್ಡ ಸದ್ದಾಗಿ ಮೂಲೆ ಕಳಚುತ್ತದೆ, ಬೆಚ್ಚಿ ಕೈ ಎಳೆಯಬೇಡಿ. ಅದೇ ತುದಿಯ ಇನ್ನೊಂದು ಮೂಲೆಗೂ ಹೀಗೆಯೇ. ಎಷ್ಟೋ ಸಲ ಇಷ್ಟಕ್ಕೇ ಬೆಸುಗೆಯ ಉದ್ದಕ್ಕೂ ಬಿರುಕು ಓಡಿರುತ್ತದೆ, ಓರೆಯಾಗಿ ಬೆಳಕಿಗೆ ಹಿಡಿದರೆ ಬೆಳ್ಳಗಿನ ಗೆರೆಯಾಗಿ ಕಾಣುತ್ತದೆ.

ಈಗ ಸ್ಕ್ರೂಡ್ರೈವರಿನ ತುದಿಯನ್ನು ಆ ಸಂದಿಗೆ ಇಟ್ಟು ಕೀಲಿ ತಿರುಗಿಸಿದಂತೆ ತಿರುಗಿಸಿ. ತಿರುಗಿಸಬೇಕು, ತಳ್ಳಬಾರದು. ನಾಣ್ಯ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ: ಸಂದಿ ಬಿಗಿಯಾಗಿದೆ ಎಂದು ಜೋರಾಗಿ ತಳ್ಳುತ್ತಾರೆ, ಪ್ಲಾಸ್ಟಿಕ್ ಥಟ್ಟನೆ ಬಿಡುತ್ತದೆ, ಸ್ಕ್ರೂಡ್ರೈವರ್ ನೇರ ನಾಣ್ಯಕ್ಕೆ ನುಗ್ಗುತ್ತದೆ. 5 ಮಿ.ಮೀ.ಗಿಂತ ಒಳಗೆ ಹೋಗದಂತೆ ತುದಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಎರಡು ಮೂರು ಸೆಂ.ಮೀ.ಗೊಮ್ಮೆ ಜಾಗ ಬದಲಿಸಿ ತಿರುಗಿಸುತ್ತಾ ಬಂದರೆ ಹೋಳುಗಳು ಬಿಡಿಯಾಗುತ್ತವೆ. ಮೇಲಿನ ಹೋಳನ್ನು ಪಕ್ಕಕ್ಕೆ ಸರಿಸದೆ ನೇರ ಮೇಲೆತ್ತಿ.

ಬೆಂಚ್ ವೈಸಿನಲ್ಲಿ ಹಿಡಿದು ಬಿಗಿದು ಒಡೆಯುವವರೂ ಇದ್ದಾರೆ. ಬೇಗ ಆಗುತ್ತದೆ ನಿಜ, ಆದರೆ ಸ್ಲ್ಯಾಬ್ ಒಮ್ಮೆಲೇ ಸಿಡಿದು ನಾಣ್ಯ ಹಾರುವ ಅಪಾಯ ಹೆಚ್ಚು, ನಾನು ಹೇಳಿಕೊಡುವುದಿಲ್ಲ. ಗರಗಸ ಹಾಕಿದರೆ ನುಣ್ಣನೆಯ ಪುಡಿ ಒಳಗೆಲ್ಲ ತುಂಬುತ್ತದೆ. ಅಸಿಟೋನಿನಲ್ಲಿ ಸ್ಲ್ಯಾಬನ್ನೇ ನೆನೆಸುವ ಸಲಹೆ ಎಲ್ಲಾದರೂ ಕಂಡರೆ ನಂಬಬೇಡಿ. ಪ್ಲಾಸ್ಟಿಕ್ ಕರಗಿ ಅಂಟಾಗಿ ನಾಣ್ಯಕ್ಕೇ ಮೆತ್ತಿಕೊಳ್ಳುತ್ತದೆ.

ಇಷ್ಟಾದರೂ ನಾಣ್ಯ ಇನ್ನೊಂದು ಉಂಗುರದೊಳಗೆ ಕೂತಿರುತ್ತದೆ, ಅವಸರ ಮಾಡಬೇಡಿ. ಪಿಸಿಜಿಎಸ್‌ನದು ಪಾರದರ್ಶಕ ಉಂಗುರ. ಎರಡೂ ಕೈಯಲ್ಲಿ ಹಿಡಿದು, ಬಳೆಯನ್ನು ಸ್ವಲ್ಪ ಅಗಲಿಸುವಂತೆ ಬಗ್ಗಿಸಿದರೆ ನಾಣ್ಯ ತಾನಾಗಿ ಟವೆಲ್ಲಿಗೆ ಜಾರುತ್ತದೆ. ಎನ್‌ಜಿಸಿ ಸ್ಲ್ಯಾಬ್‌ನಲ್ಲಿ ಉಂಗುರದ ಬದಲು ಬಿಳಿ ತಟ್ಟೆ ಇರುತ್ತದೆ, ಈಚಿನವಕ್ಕೆ ನಾಣ್ಯದ ಅಂಚು ಕಾಣಲೆಂದು ಸಣ್ಣ ಹಲ್ಲು ಇಟ್ಟಿರುತ್ತಾರೆ. ನಾಣ್ಯವನ್ನು ಮೀಟಿ ಎಬ್ಬಿಸುವ ಬದಲು ತಟ್ಟೆಯನ್ನು ಹಿಂದಕ್ಕೆ ಬಗ್ಗಿಸಿ ಹಲ್ಲಿನ ಹಿಡಿತ ಬಿಡಿಸಿ. ನಾಣ್ಯವನ್ನು ಮುಟ್ಟುವುದು ಅಂಚಿನಲ್ಲಿ ಮಾತ್ರ. ತಾಮ್ರದ ನಾಣ್ಯಕ್ಕಂತೂ ಒಂದು ಬೆರಳಚ್ಚು ಬಿದ್ದರೆ ದಿನ ಕಳೆದಂತೆ ಕಂದು ಕಲೆಯಾಗಿ ಕೂರುತ್ತದೆ.

ನಾಣ್ಯದ ಮೇಲೆ ಪ್ಲಾಸ್ಟಿಕ್ ಪುಡಿ ಕಂಡರೆ ಒರೆಸಲು ಹೋಗಬೇಡಿ. ಮೆತ್ತನೆ ಬಟ್ಟೆಯೂ ಆ ಪುಡಿಯನ್ನು ಎಳೆದಾಡಿ ಕೂದಲೆಳೆಯಂಥ ಗೀರು ಮಾಡುತ್ತದೆ. ಬಾಯಿಂದ ಊದಿದರೆ ಎಂಜಲು ಸಿಡಿದು ಚುಕ್ಕೆಯಾಗುತ್ತದೆ. ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್ ಇದಕ್ಕೆ ಸರಿ.

ಆಲ್ಬಮ್ ವಿಷಯಕ್ಕೆ ಬಂದರೆ, ಎರಡೂ ಬದಿಗೆ ಜಾರುವ ಪ್ಲಾಸ್ಟಿಕ್ ಪಟ್ಟಿ ಇರುವ ಆಲ್ಬಮ್ ಮಾರ್ಗನ್ ಡಾಲರಿಗೆ ಒಳ್ಳೆಯದಲ್ಲ. ಪಟ್ಟಿಯನ್ನು ಎಳೆದು ತಳ್ಳಿದಂತೆಲ್ಲ ನಾಣ್ಯದ ಮೇಲಿರುವ ಲಿಬರ್ಟಿ ಎಂಬ ಹೆಣ್ಣಿನ ಮುಖದ ಕೆನ್ನೆ, ಅಂದರೆ ಅತಿ ಎತ್ತರದ ಭಾಗ, ಅದಕ್ಕೆ ಉಜ್ಜಿ ಸಮಾನಾಂತರ ಗೆರೆಗಳಾಗುತ್ತವೆ. ನಾಣ್ಯದ ವ್ಯಾಸ 38.1 ಮಿ.ಮೀ., ಆ ಅಳತೆಯ ಗಟ್ಟಿ ಕ್ಯಾಪ್ಸೂಲ್ ಕೂರುವಂಥ ಆಲ್ಬಮ್ ಹುಡುಕಿ. ಪಿವಿಸಿಯ ಮೆತ್ತನೆ ಕವರಿಗೆ ಮಾತ್ರ ಹಾಕಬೇಡಿ, ಹಸಿರು ಜಿಡ್ಡು ಬಿಟ್ಟು ನಾಣ್ಯವನ್ನು ತಿನ್ನುತ್ತದೆ.

ಲೇಬಲನ್ನು ಎಸೆಯಬೇಡಿ. ಅದನ್ನು ಕಂಪನಿಗೆ ವಾಪಸು ಕಳಿಸಿದರೆ, ಆ ಗ್ರೇಡಿನಲ್ಲಿ ಎಷ್ಟು ನಾಣ್ಯಗಳಿವೆ ಎಂದು ಅವರು ಇಡುವ ಲೆಕ್ಕದಿಂದ ಇದೊಂದನ್ನು ತೆಗೆಯುತ್ತಾರೆ. ಕಳಿಸುವ ಮನಸ್ಸಿಲ್ಲದಿದ್ದರೆ ಆಲ್ಬಮ್ಮಿನ ಅದೇ ಪುಟದ ಹಿಂದೆ ಸಿಕ್ಕಿಸಿಡಿ. ಮುಂದೆ ಯಾರ ಕೈಗೆ ಹೋದರೂ ನಾಣ್ಯ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.