‘ನಾಕ್ ಆಫ್’ ಎಂಬ ಇಂಗ್ಲಿಷ್ ಆಡುಮಾತಿಗೆ ಇಷ್ಟೊಂದು ಅರ್ಥಗಳು ಹೇಗೆ?

‘ಶುಕ್ರವಾರ ನಾಲ್ಕು ಗಂಟೆಗೇ ನಾಕ್ ಆಫ್ ಮಾಡೋಣ’ ಎಂದು ನಿಮ್ಮ ಸಹೋದ್ಯೋಗಿ ಬರೆದದ್ದು, ಧಾರಾವಾಹಿಯೊಂದರಲ್ಲಿ ತಾಯಿ ಜಗಳವಾಡುವ ಮಕ್ಕಳಿಗೆ ‘ನಾಕ್ ಇಟ್ ಆಫ್’ ಎಂದು ಗದರಿದ್ದು, ಯಾರೋ ಒಂದು ಕೈಗಡಿಯಾರವನ್ನು ‘ನಾಕ್ ಆಫ್’ ಎಂದು ಹೀಗಳೆದದ್ದು, ಈ ಮೂರೂ ಒಂದೇ ಪದವೇ ಎಂದು ನೀವು ಕೇಳಿದ್ದೀರಿ. ಹೌದು, ಒಂದೇ. ಆದರೆ ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ವಾಕ್ಯದಲ್ಲಿ ಕರ್ಮಪದ ಇದೆಯೇ, ಇದ್ದರೆ ಅದು ಯಾವುದು ಎಂದು ನೋಡುವುದನ್ನು ರೂಢಿಸಿಕೊಂಡರೆ ಅರ್ಥವು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಕರ್ಮಪದವೇ ಇಲ್ಲದಿದ್ದರೆ, ಅದು ಸಾಮಾನ್ಯವಾಗಿ ದಿನದ ಕೆಲಸ ಮುಗಿಸಿ ಏಳುವುದನ್ನು ಹೇಳುತ್ತದೆ. ಕೆಲಸ ನಿಲ್ಲಿಸುವ ಈ ಅರ್ಥ 17ನೆಯ ಶತಮಾನದಿಂದಲೇ ಬಳಕೆಯಲ್ಲಿದೆ. ಬ್ರಿಟನ್ನಿನಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಇದು ದಿನನಿತ್ಯದ ಮಾತು. ಕೆಲಸ ಬಿಡುವ ಹೊತ್ತನ್ನು ಆಸ್ಟ್ರೇಲಿಯದವರು ‘ನಾಕ್ ಆಫ್ ಟೈಮ್’ ಎಂದೇ ಕರೆಯುತ್ತಾರೆ. ನೌಕರಿಗೆ ರಾಜೀನಾಮೆ ಕೊಡುವುದಕ್ಕೆ ಮಾತ್ರ ಇದನ್ನು ಬಳಸುವುದಿಲ್ಲ.

ಕರ್ಮಪದ ಬಂದ ಕೂಡಲೇ ಚಿತ್ರ ಬದಲಾಗುತ್ತದೆ. ಅದು ಹಣದ ಮೊತ್ತವೋ ಸಮಯವೋ ಆಗಿದ್ದರೆ ‘ಕಡಿತಗೊಳಿಸು’ ಎಂದರ್ಥ: ಅಂಗಡಿಯವನು ಬೆಲೆಯಲ್ಲಿ ಶೇಕಡಾ 10ರಷ್ಟನ್ನು ನಾಕ್ ಆಫ್ ಮಾಡುತ್ತಾನೆ, ಓಟಗಾರ್ತಿ ದಾಖಲೆಯಿಂದ ಎರಡು ಸೆಕೆಂಡುಗಳನ್ನು ನಾಕ್ ಆಫ್ ಮಾಡುತ್ತಾಳೆ. ಕ್ರೀಡಾವರದಿಯಲ್ಲಿ ಎದುರಾಳಿ ತಂಡ ಕರ್ಮಪದವಾದರೆ ಅದನ್ನು ಸೋಲಿಸಿದರೆಂದು, ಅದರಲ್ಲೂ ಸೋತದ್ದು ಬಲಿಷ್ಠ ತಂಡವೆಂದು ತಿಳಿಯಬಹುದು. ಅಪರಾಧ ಕಥೆಗಳಲ್ಲಿ ಬ್ಯಾಂಕನ್ನು ನಾಕ್ ಆಫ್ ಮಾಡಿದರೆ ದರೋಡೆ, ಮನುಷ್ಯನನ್ನು ಮಾಡಿದರೆ ಕೊಲೆ; ನಮ್ಮ ‘ಮುಗಿಸಿಬಿಟ್ಟರು’ ಎಂಬುದಕ್ಕಿರುವ ತಣ್ಣನೆಯ ಕ್ರೌರ್ಯ ಇದಕ್ಕೂ ಇದೆ.

ಪ್ರಬಂಧ, ವರದಿ, ಲೇಖನಗಳು ಕರ್ಮಪದವಾದಾಗ ಸ್ವಲ್ಪ ಎಚ್ಚರ ಬೇಕು. ಆಗಿನ ಅರ್ಥ ‘ಸರಸರನೆ ಬರೆದು ಮುಗಿಸು’. ತನ್ನ ಬರಹದ ಬಗ್ಗೆ ಹೇಳಿಕೊಂಡರೆ ಅದರಲ್ಲಿ ‘ನನಗಿದು ಸಲೀಸು’ ಎಂಬ ಸಣ್ಣ ಜಂಬ ಕೇಳಿಸುತ್ತದೆ. ಬೇರೆಯವರ ಬರಹದ ಬಗ್ಗೆ ಹೇಳಿದರೆ ಶ್ರದ್ಧೆಯಿಲ್ಲದೆ ಗೀಚಿದ್ದಾರೆ ಎಂಬ ಕೊಂಕು ಧ್ವನಿಸುತ್ತದೆ. ಮೆಚ್ಚುಗೆಯೆಂದು ಭಾವಿಸಿ ಹಿರಿಯ ಸಹೋದ್ಯೋಗಿಯ ವರದಿಗೆ ಈ ಮಾತನ್ನು ಬಳಸಿದರೆ ಅವರು ನೊಂದುಕೊಳ್ಳುವ ಸಂಭವವೇ ಹೆಚ್ಚು.

ಇನ್ನು ತಾಯಿ ಗದರಿದ ‘ನಾಕ್ ಇಟ್ ಆಫ್’. ಇದರ ಅರ್ಥ ‘ಸಾಕು, ನಿಲ್ಲಿಸಿ’. ಇಲ್ಲಿನ ‘ಇಟ್’ ಯಾವುದೋ ಒಂದು ವಸ್ತುವನ್ನು ಸೂಚಿಸುವುದಿಲ್ಲ, ಎದುರಿಗೆ ನಡೆಯುತ್ತಿರುವ ಕಿರಿಕಿರಿಯನ್ನೆಲ್ಲ ಒಟ್ಟಾಗಿ ಸೂಚಿಸುತ್ತದೆ. ಮಕ್ಕಳಿಗೋ ಆಪ್ತ ಗೆಳೆಯರಿಗೋ ಹೇಳಬಹುದಾದ ಈ ಮಾತನ್ನು ಮೇಲಧಿಕಾರಿಗೆ ಹೇಳುವಂತಿಲ್ಲ. ಪದಗಳ ಕ್ರಮವನ್ನೂ ಗಮನಿಸಿ: ನಾಮಪದವಾದರೆ ಅದನ್ನು ‘ಆಫ್’ಗೆ ಮೊದಲೂ ಇಡಬಹುದು, ನಂತರವೂ ಇಡಬಹುದು, ‘ಇಟ್’, ‘ದೆಮ್’ ಮುಂತಾದ ಸರ್ವನಾಮಗಳು ಮಾತ್ರ ನಡುವೆಯೇ ಬರಬೇಕು. ‘ನಾಕ್ ಆಫ್ ಇಟ್’ ಎಂಬುದು ತಪ್ಪು. ಆದರೆ ‘ವರದಿಯೇ? ಐ ನಾಕ್ಡ್ ಇಟ್ ಆಫ್ ಇನ್ ಆ್ಯನ್ ಅವರ್’ ಎಂದು ಯಾರಾದರೂ ಹೇಳಿದರೆ ಅಲ್ಲಿ ಗದರಿಕೆಯೇನೂ ಇಲ್ಲ. ‘ಇಟ್’ ಎಂದರೆ ಆ ವರದಿ, ಅಷ್ಟೇ.

ಕೈಗಡಿಯಾರದ ವಿಷಯದಲ್ಲಿ ಬಂದಿರುವುದು ನಾಮಪದ. ಹೆಸರಾಂತ ತಯಾರಿಕೆಯೊಂದನ್ನು ನೋಡಿ ಅಗ್ಗವಾಗಿ ಮಾಡಿದ ನಕಲಿ ಮಾಲು ಎಂದು ಅದರ ಅರ್ಥ. ಕ್ರಿಯಾಪದದಲ್ಲಿ ಸಾಮಾನ್ಯವಾಗಿ ‘ಆಫ್’ ಮೇಲೆ ಬೀಳುವ ಒತ್ತು ನಾಮಪದದಲ್ಲಿ ‘ನಾಕ್’ ಮೇಲೆ ಬೀಳುತ್ತದೆ. ಕಿವಿಗೊಟ್ಟು ಕೇಳಿದರೆ ಈ ವ್ಯತ್ಯಾಸ ತಿಳಿಯುತ್ತದೆ. ಬ್ರಿಟಿಷರ ಆಡುಮಾತಿನಲ್ಲಿ ಮಾತ್ರ ಒಂದು ತೊಡಕಿದೆ: ‘ನಾಕ್ ಆಫ್’ ಗಡಿಯಾರವೆಂದರೆ ನಕಲಿ, ‘ನಾಕ್ಡ್ ಆಫ್’ ಗಡಿಯಾರವೆಂದರೆ ಕದ್ದದ್ದು. ಮಾರುವವನ ಎದುರು ಈ ಎರಡನ್ನು ಅದಲುಬದಲು ಮಾಡದಿರುವುದು ಕ್ಷೇಮ.

ಬ್ರಿಟನ್ನಿನಲ್ಲಿ ಇದಕ್ಕೊಂದು ಅಶ್ಲೀಲ ಅರ್ಥವೂ ಇರುವುದರಿಂದ, ಕರ್ಮಪದ ವ್ಯಕ್ತಿಯಾಗಿರುವ ವಾಕ್ಯಗಳನ್ನು ನೀವಾಗಿ ರಚಿಸದಿರುವುದು ಲೇಸು. ಕೆಲಸ ಮುಗಿಸುವುದಕ್ಕೂ ಬೆಲೆ ಇಳಿಸುವುದಕ್ಕೂ ಸಹೋದ್ಯೋಗಿಗಳೊಡನೆ ಧಾರಾಳವಾಗಿ ಬಳಸಿ. ರಜೆಯ ಅರ್ಜಿಯಲ್ಲಿ, ಒಪ್ಪಂದ ಪತ್ರದಲ್ಲಿ ‘ಫಿನಿಶ್’, ‘ರೆಡ್ಯೂಸ್’ ಎಂದೇ ಬರೆಯಿರಿ.