ಗೆಳೆಯನ ಕಂಪನಿಗೆ ನಿರ್ದೇಶಕರಾಗುವ ಮುನ್ನ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಎಂಟು ತಿಂಗಳಾಗಿದೆ, ಗೆಳೆಯ ತನ್ನ ಹೊಸ ಕಂಪನಿಯ ನಿರ್ದೇಶಕ ಮಂಡಳಿಗೆ ಕರೆಯುತ್ತಿದ್ದಾನೆ, ಕಚೇರಿ ಇರುವುದು ಇಲ್ಲಿ, ಕಾಗದದಲ್ಲಿ ಮಾತ್ರ ಅಮೆರಿಕದ ಇನ್ನೊಂದು ರಾಜ್ಯವಾದ ಡೆಲವೇರ್ ಎಂದಿದೆ, ಇದರಲ್ಲಿ ಏನಾದರೂ ಮೋಸವಿದೆಯೇ ಎಂದು ಕೇಳಿದ್ದೀರಿ.

ಮೋಸವಿಲ್ಲ. ನಮ್ಮಲ್ಲಿ ಬೆಂಗಳೂರಾದರೇನು, ಭೋಪಾಲವಾದರೇನು, 2013ರ ಒಂದೇ ಕಂಪನಿ ಕಾಯ್ದೆ. ಇಲ್ಲಿ ರಾಜ್ಯಕ್ಕೊಂದು ಕಾನೂನು. ಕಂಪನಿ ಯಾವ ರಾಜ್ಯದಲ್ಲಿ ನೋಂದಣಿಯಾಯಿತೋ ಅದರ ಮಂಡಳಿ ಆ ರಾಜ್ಯದ ಮಾತನ್ನು ಕೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಹೊರರಾಜ್ಯದ ಕಂಪನಿಯೆಂದು ಮತ್ತೊಮ್ಮೆ ದಾಖಲಾಗಿ ತೆರಿಗೆಯನ್ನೂ ಕಟ್ಟಬೇಕು, ಅದು ಬೇರೆ ವಿಷಯ. ಪುಟ್ಟ ಡೆಲವೇರನ್ನೇ ಎಲ್ಲರೂ ಹುಡುಕಿಕೊಂಡು ಹೋಗುವುದಕ್ಕೆ 1899ರ ಅಲ್ಲಿನ ಕಾಯ್ದೆ ಒಂದು ಕಾರಣ, 1792ರಿಂದ ನಡೆಯುತ್ತಿರುವ ಚಾನ್ಸರಿ ನ್ಯಾಯಾಲಯ ಇನ್ನೊಂದು. ಅಲ್ಲಿ ಜ್ಯೂರಿ, ಅಂದರೆ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡ, ಇಲ್ಲ. ಕಂಪನಿ ವ್ಯಾಜ್ಯಗಳಲ್ಲಿ ಪಳಗಿದ ನ್ಯಾಯಾಧೀಶರು ಕಾರಣ ಬರೆದು ತೀರ್ಪು ಕೊಡುತ್ತಾರೆ. ಹಾಗಾಗಿ ಯಾವ ನಡೆಗೆ ಏನು ಫಲ ಎಂಬುದನ್ನು ವಕೀಲರು ಮೊದಲೇ ಅಂದಾಜಿಸಬಲ್ಲರು.

ನಿಮ್ಮದು ಎಚ್-1ಬಿ ವೀಸಾ ಎಂದಿದ್ದೀರಿ. ಆ ಅನುಮತಿ ನಿಮಗಾಗಿ ಅರ್ಜಿ ಹಾಕಿದ ಸಂಸ್ಥೆಯ ಕೆಲಸಕ್ಕೆ ಕೊಟ್ಟದ್ದು. ವಲಸೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಇನ್ನು ಮಂಡಳಿಯ ಹೊಣೆ. ಟ್ರಾನ್ಸ್ ಯೂನಿಯನ್ ಎಂಬ ಕಂಪನಿಯ ಕಥೆಯನ್ನು ಹೊಸ ನಿರ್ದೇಶಕರಿಗೆಲ್ಲ ನಾನು ಹೇಳುತ್ತೇನೆ. 1980ರಲ್ಲಿ ಅದರ ಮುಖ್ಯಸ್ಥರು ಕಂಪನಿಯನ್ನು ಷೇರಿಗೆ 55 ಡಾಲರಿನಂತೆ ಮಾರುವ ಪ್ರಸ್ತಾಪ ತಂದರು. 20 ನಿಮಿಷ ವಿವರಿಸಿದರು. ಸುಮಾರು ಎರಡು ಗಂಟೆಯಲ್ಲಿ ಮಂಡಳಿ ಒಪ್ಪಿತು, ಕರಾರುಪತ್ರವನ್ನು ಯಾರೂ ಓದಿರಲಿಲ್ಲ. ಆ ಬೆಲೆ ಪೇಟೆಯ ದರಕ್ಕಿಂತ ಎಷ್ಟೋ ಹೆಚ್ಚಿತ್ತು. ಆದರೂ 1985ರಲ್ಲಿ ಡೆಲವೇರ್ ಸುಪ್ರೀಂ ಕೋರ್ಟ್ ನಿರ್ದೇಶಕರದು ಘೋರ ನಿರ್ಲಕ್ಷ್ಯ ಎಂದಿತು. ತಿಳಿದು, ಪ್ರಾಮಾಣಿಕವಾಗಿ ತೆಗೆದುಕೊಂಡ ನಿರ್ಧಾರದಿಂದ ನಷ್ಟವಾದರೆ ಅಲ್ಲಿನ ನ್ಯಾಯಾಲಯ ಸಾಮಾನ್ಯವಾಗಿ ತಲೆಹಾಕುವುದಿಲ್ಲ. ಈ ಮಂಡಳಿ ತಿಳಿದುಕೊಂಡೇ ಇರಲಿಲ್ಲ, ಅದೇ ತಪ್ಪಾಯಿತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಭೆ ಸೇರದಿದ್ದರೂ ಎಲ್ಲ ನಿರ್ದೇಶಕರೂ ಲಿಖಿತ ಒಪ್ಪಿಗೆ ಕೊಟ್ಟರೆ ಅಲ್ಲಿ ಅದೂ ನಿರ್ಣಯವೇ. ನಾನು ಒಂದು ಸಣ್ಣ ಕಂಪನಿಯ ಮಂಡಳಿಯಲ್ಲಿದ್ದಾಗ ಅಂಥ ಒಂದು ಇಮೇಲ್ ಬಂತು. ಮಗಳ ಈಜಿನ ತರಗತಿ ಮುಗಿಯಲೆಂದು ಕಾರಿನಲ್ಲಿ ಕಾಯುತ್ತಿದ್ದೆ. ಓದದೆ ಸಹಿ ಹಾಕಿದೆ. ಅದು ಸ್ಥಾಪಕರ ಅಣ್ಣನ ಸಂಸ್ಥೆಗೆ ಕೊಟ್ಟ ಗುತ್ತಿಗೆ ಎಂದು ತಿಳಿದದ್ದು ಷೇರುದಾರರೊಬ್ಬರು ದಾಖಲೆ ಕೇಳಿದಾಗ. ಏಕೆ ಒಪ್ಪಿದಿರಿ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗುತ್ತಿಗೆ ರದ್ದಾಗಿ ವಿಷಯ ಅಲ್ಲಿಗೇ ನಿಂತಿತು, ಆದರೆ ನನ್ನನ್ನು ನಂಬಿ ದುಡ್ಡು ಹಾಕಿದ್ದ ಇಬ್ಬರ ಮುಖ ನೋಡಲು ವರ್ಷವೇ ಬೇಕಾಯಿತು.

ಗೆಳೆಯನಿಂದ ಮೊದಲು ನೋಂದಣಿ ಪತ್ರವನ್ನು ತರಿಸಿಕೊಳ್ಳಿ. ಎಚ್ಚರ ತಪ್ಪಿದ್ದಕ್ಕೆ ನಿರ್ದೇಶಕರು ಕೈಯಿಂದ ಪರಿಹಾರ ಕಟ್ಟಬೇಕಿಲ್ಲ ಎಂಬ ಕಲಮನ್ನು ಅದರಲ್ಲಿ ಸೇರಿಸಲು 1986ರಿಂದ ಅವಕಾಶವಿದೆ. ಸೇರಿಸಿದ್ದರೆ ಮಾತ್ರ ರಕ್ಷಣೆ, ಅದೂ ಸ್ವಂತ ಲಾಭಕ್ಕಾಗಿ ಕಂಪನಿಗೆ ದ್ರೋಹ ಮಾಡಿದರೆ ಸಿಗುವುದಿಲ್ಲ. ನಿರ್ದೇಶಕರ ವಿಮೆ ಇದೆಯೇ ಎಂದೂ ಕೇಳಿ. ಪತ್ರ ಕೈಗೆ ಬಂದ ಮೇಲೆ ನನಗೆ ಬರೆಯಿರಿ, ಕೂತು ಒಟ್ಟಿಗೆ ಓದೋಣ.