ಟ್ರ್ಯಾಕ್ಟರ್ ಬರ್ತೈತಿ, ವಿಮಾನ ಯಾಕ ಸೊಟ್ಟ ಹೊಂಟೈತಿ?

ಪ್ರಶ್ನೆ: ಸರ್, ನಮ್ಮೂರು ಸಿಂಧನೂರು ಹತ್ರ, ಈಗ ಹೊರಗ ಪೈಲಟ್ ಟ್ರೇನಿಂಗ್ ನಡದೈತಿ, ಸೆಸ್ನಾ 172 ಅನ್ನೋ ಸಣ್ಣ ವಿಮಾನದಾಗ. ಮ್ಯಾಲ ಹಾರ್ಸೋದು ಪರವಾಗಿಲ್ಲ, ನೆಲದ ಮ್ಯಾಲ ಟ್ಯಾಕ್ಸಿ ಮಾಡ್ಬೇಕಾದ್ರ, ಅಂದ್ರ ಗಾಲಿ ಮ್ಯಾಲ ಓಡಿಸ್ಕೊಂಡು ಹೋಗ್ಬೇಕಾದ್ರ, ಹಳದಿ ಗೆರಿ ಬಿಟ್ಟು ಹಾವಿನಂಗ ಹೊಂಟ್ಬಿಡ್ತೈತಿ. ಸಣ್ಣಾಂವ ಇದ್ದಾಗಿಂದ ಟ್ರ್ಯಾಕ್ಟರ್ ಹೊಡದಾಂವ ನಾನು, ಇದ್ಯಾಕ ಬರವಲ್ದು?
– ಒಬ್ಬ ಓದುಗ, ರಾಯಚೂರು ಜಿಲ್ಲೆ

ಉತ್ತರ: ತಮ್ಮಾ, ಟ್ರ್ಯಾಕ್ಟರ್ ಹೊಡದಿದ್ದಕ್ಕ ಬರವಲ್ದು ನೋಡು! ಕೈ ತಾನ ಸ್ಟೇರಿಂಗ್ ತಿರುವಾಕ ಹೊಕ್ಕೈತಿ, ಆದ್ರ ಯೋಕ್ (ಕೈಯಾಗ ಹಿಡಿಯೋ ಸ್ಟೇರಿಂಗ್‌ನಂಥಾದ್ದು) ತಿರುವಿದ್ರ ನೆಲದ ಮ್ಯಾಲ ಗಾಲಿ ತಿರುಗಂಗಿಲ್ಲ, ಗಾಲಿ ತಿರುವೋದು ಕಾಲಾಗ, ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್‌ನಾಗ. ಅದೂ ಸ್ಪ್ರಿಂಗ್ ಮೂಲಕ ಹೋಗೋದಕ್ಕ ಒತ್ತಿದ ಮ್ಯಾಲ ಚೂರು ತಡವಾಗಿ ತಿರುಗ್ತೈತಿ, ನೀನು ತಿರುಗಲಿಲ್ಲ ಅಂತ ಇನ್ನೂ ಒತ್ತತಿ, ಆಮ್ಯಾಲ ಜಾಸ್ತಿ ಆತು ಅಂತ ಆ ಕಡಿ ಒತ್ತತಿ, ಹಾವು ಆಗೋದು ಹಿಂಗ. ಚೂರು ಒತ್ತಿ ಕಾಯಿ, ಮೂಗಿನ ಮುಂದ ನೋಡಬ್ಯಾಡ, ಗೆರಿ ದೂರ ಎಲ್ಲಿ ಹೊಂಟೈತಿ ಅಲ್ಲಿ ನೋಡು.

ಟ್ರ್ಯಾಕ್ಟರ್ ಒಂದು ಕಡಿ ಉಪಯೋಗಕ್ಕೂ ಬರ್ತೈತಿ. ಭತ್ತದ ಗದ್ಯಾಗ ಮೂಲಿಗೆ ಒಂದ ಬ್ರೇಕ್ ತುಳಿದು ಗರ್ರನೆ ತಿರುಗಿಸ್ತಿಯಲ್ಲ? ಇಲ್ಲೂ ಎಡಕ್ಕೊಂದು ಬಲಕ್ಕೊಂದು ಬ್ರೇಕ್, ಪೆಡಲ್ ಮ್ಯಾಲಿನ ಅಂಚಿನಾಗ. ಬರೀ ಪೆಡಲ್‌ಗೆ ಮುಂದಿನ ಗಾಲಿ ಒಂದೊಂದು ಕಡಿ 10 ಡಿಗ್ರಿ ಅಷ್ಟ ತಿರುಗ್ತೈತಿ, ಆ ಕಡಿ ಬ್ರೇಕ್ ಕೊಟ್ರ 30ರ ತನಕ. ಹಿಮ್ಮಡಿ ನೆಲಕ್ಕ ಇರ್ಲಿ, ಇಲ್ಲಾಂದ್ರ ಗೊತ್ತಿಲ್ದಂಗ ಬ್ರೇಕ್ ತುಳ್ಕೊಂತ ಹೊಕ್ಕಿ. ವೇಗ ಜಾಸ್ತಿ ಆದ್ರ ಮೊದ್ಲು ಥ್ರಾಟಲ್ ಎಳದು ಎಂಜಿನ್ ಜೋರು ಕಡಿಮಿ ಮಾಡು, ಆಮ್ಯಾಲ ಬ್ರೇಕ್. ಮನಿಷಾ ಜೋರು ನಡದಷ್ಟ ವೇಗ ಸಾಕು. ಹೊರಟ ಕೂಡ್ಲೆ ಒಮ್ಮೆ ಬ್ರೇಕ್ ಒತ್ತಿ ನೋಡೋದು ಮರೀಬ್ಯಾಡ.

ಹಂಗಾರ ಕೈಗೆ ಕೆಲಸ ಇಲ್ಲೇನು ಅಂದ್ರ, ಐತಿ, ಗಾಳಿ ಕೆಲಸ. ರಾಶಿ ತೂರಾಕ ನಿಂತಾಗ ಗಾಳಿ ಎತ್ತಾಗಿಂದ ಅಂತ ನೋಡ್ತಾರಲ್ಲ, ಹಂಗ ವಿಂಡ್‌ಸಾಕ್ (ಗಾಳಿ ದಿಕ್ಕು ತೋರಿಸೋ ಬಟ್ಟಿ ಚೀಲ) ನೋಡು. ಎಡಮುಂದಿಂದ ಬಂದ್ರ ಯೋಕ್ ಎಡಕ್ಕ ತಿರುವು, ಎಡಹಿಂದಿಂದ ಬಂದ್ರ ಬಲಕ್ಕ ತಿರುವಿ ಮುಂದಕ್ಕ ದಬ್ಬು. ಹಿಂದಿನ ಗಾಳಿನ ಮೋಸದ್ದು, ರೆಕ್ಕಿ ಕೆಳಗ ಹೊಕ್ಕು ಎತ್ತಿಬಿಡ್ತೈತಿ. ಸುಮಾರು 11 ಮೀಟರ್ ರೆಕ್ಕಿ ಅದು, ಪಕ್ಕದಾಗ ನಿಂತ ವಿಮಾನಕ್ಕ ತಾಗಂಗಿಲ್ಲ ಅನ್ನೋ ನಂಬಿಕಿ ಬರ್ಲಿಲ್ಲಾಂದ್ರ ಅಲ್ಲೇ ನಿಲ್ಸು, ಯಾರೂ ನಗಂಗಿಲ್ಲ.

ಇನ್ನ ರನ್‌ವೇ ಹತ್ರ ನಾಕು ಹಳದಿ ಗೆರಿ ಬರ್ತಾವು, ಎರಡು ತುಂಬಿದ್ದು, ಎರಡು ತುಂಡು ತುಂಡು. ತುಂಬಿದ ಗೆರಿ ನಿನ್ನ ಕಡಿಗೆ ಇದ್ರ ಟವರ್‌ನಾವ್ರು (ರೇಡಿಯೋದಾಗ ವಿಮಾನಕ್ಕ ಅಪ್ಪಣಿ ಕೊಡೋರು) ಹೋಗು ಅನ್ನೋತನಕ ದಾಟಂಗಿಲ್ಲ, ಅವ್ರು ಹೇಳಿದ್ದು ಸರಿಯಾಗಿ ಕೇಳಿಸ್ಲಿಲ್ಲಾಂದ್ರ ನಿಂತು ಇನ್ನೊಮ್ಮೆ ಕೇಳು.